ಹಾದಿ ಬಿಟ್ಟ ಚಿತ್ರಪಟಗಳು

ತಿಕೋಟಾ ನನ್ನ ಸೋದರಮಾವನ ಊರು. ವಿಜಯಪುರದಿಂದ ಅಥಣಿಯ ಹಾದಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಹನ್ನೆರಡು-ಹದಿಮೂರು ಮೈಲಿ. ಈಗ ಅದು ತಾಲೂಕಿನ ಊರು. ಸುತ್ತೆಲ್ಲ ದ್ರಾಕ್ಷಿಯ ತೋಟಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ನಾನು ಹುಡುಗನಾಗಿದ್ದ ಕಾಲಕ್ಕೆ ಇಷ್ಟೊಂದು ದ್ರಾಕ್ಷಿ ಇರಲಿಲ್ಲ, ಜೋಳವಿತ್ತು; ಬೇಸಿಗೆ ಬಂತೆಂದರೆ ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಜಿನ ತಂಬು ಏಳುತ್ತಿತ್ತು. ಶಾಲೆಗೆ ಸೂಟಿ ಬಿಟ್ಟ ಮರುದಿನವೇ ನಾನು ಮಾವನ ಮನೆಯಲ್ಲಿ ಹಾಜರು. ಅತ್ತೆ ಮಾಡುವ ಮಾವಿನ ಶೀಕರಣೆಯ ಮೇಲಿನ ಪ್ರೀತಿ ಅದಕ್ಕೆ ಕಾರಣವೆಂದು ಮನೆಯವರು ತಿಳಿದಿದ್ದರು. ಶೀಕರಣೆಯೂ ಚೆನ್ನಾಗಿತ್ತೆನ್ನಿ.

೧೯೮೮ರ ಬೇಸಿಗೆಯಲ್ಲಿ ಆ ತಂಬುವಿಗೆ 'ಪುಷ್ಪಕ ವಿಮಾನ' ಬಂದಿತು. ಸಿಂಗೀತಂ ಶ್ರೀನಿವಾಸರಾಯರ ಆ ಚಿತ್ರ ಹಿಂದಿನ ವರ್ಷದ ನವೆಂಬರಿನಲ್ಲಿ ಬಿಡುಗಡೆಯಾಗಿ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಓಡಿದ್ದು. ಅದರಲ್ಲಿ ಮಾತೇ ಇಲ್ಲವೆಂಬ ಸಂಗತಿ ತಿಕೋಟಾದವರಿಗೆ ಯಾರೂ ಹೇಳಿರಲಿಲ್ಲ. ಆಟ ಸುರುವಾಗಿ ಕಾಲು ತಾಸು ಕಳೆಯಿತು. ಸಂಗೀತ ಕೇಳುತ್ತಿತ್ತು, ಬೀದಿಯ ಗದ್ದಲ ಕೇಳುತ್ತಿತ್ತು, ತೆರೆಯ ಮೇಲಿನ ಜನ ಮಾತ್ರ ಮಾತಾಡುತ್ತಿರಲಿಲ್ಲ. ನನ್ನ ಮಾವ ಎದ್ದು ನಿಂತು, ಹಿಂದಕ್ಕೆ ತಿರುಗಿ, "ಏ, ಮಾತು ಎಲ್ಲಿ ಹೋದವೋ? ಮಸೀನ ಕೆಟ್ಟತೇನು?" ಎಂದು ಕೂಗಿದ. ಯಂತ್ರದ ಮರೆಯಿಂದ ಆಪರೇಟರನ ದನಿ ಬಂತು: "ಇದರಾಗ ಮಾತಿಲ್ರೀ ಯಪ್ಪಾ, ಮೂಕ ಪಿಚ್ಚರ್ ಐತಿ." ಮಾವ ಬಿಡುವ ಆಸಾಮಿಯಲ್ಲ. "ಹಂಗಾದ್ರ ಅರ್ಧಾ ರೊಕ್ಕ ತಿರುಗಿ ಕೊಡ್ರಿ. ನೋಡೂದಕ್ಕ ಕೊಡತೇವು, ಕೇಳೂದಕ್ಕ ಯಾಕ ಕೊಡೂನು?"

ತಂಬುವೆಲ್ಲ ನಕ್ಕಿತು. ರೊಕ್ಕವನ್ನೇನೂ ಯಾರೂ ತಿರುಗಿ ಕೊಡಲಿಲ್ಲ. ಮಾವನೂ ಎದ್ದು ಹೋಗಲಿಲ್ಲ. ಬರಬರುತ್ತ ಆ ಮೌನ ಮೆಲ್ಲಗೆ ಎಲ್ಲರನ್ನೂ ಹಿಡಿಯಿತು. ಕೆಲಸವಿಲ್ಲದ ಒಬ್ಬ ಬಡ ತರುಣ, ಕುಡಿದು ಬಿದ್ದ ಶ್ರೀಮಂತನನ್ನು ತನ್ನ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಹೆಸರಿನಲ್ಲಿ ದೊಡ್ಡ ಹೊಟೇಲಿನಲ್ಲಿ ಮೆರೆಯುತ್ತಾನೆ. ಆ ಶ್ರೀಮಂತನೆಂದು ತಿಳಿದು ಇವನನ್ನು ಕೊಲ್ಲಲು ಒಬ್ಬ ಬಾಡಿಗೆಯ ಕೊಲೆಗಾರ ಬರುತ್ತಾನೆ. ಅವನ ಆಯುಧ ಬರ್ಫದ ಚಾಕು! ಚುಚ್ಚಿದ ಮೇಲೆ ಕರಗಿ ಹೋದರೆ ಸಾಕ್ಷಿ ಉಳಿಯದು ಎಂಬುದು ಅವನ ಲೆಕ್ಕ. ಆದರೆ ಸಮಯಕ್ಕೆ ಸರಿಯಾಗಿ ಚಾಕು ಕರಗುತ್ತದೆ, ಕೊಲೆ ಆಗುವುದಿಲ್ಲ. ಏಪ್ರಿಲ್ ತಿಂಗಳ ತಿಕೋಟಾದಲ್ಲಿ, ಬೆವರಿನಲ್ಲಿ ಮಿಂದು ಕುಳಿತ ಜನಕ್ಕೆ ಬರ್ಫ ಕರಗುವುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆ ರಾತ್ರಿ ಇನ್ನೊಂದನ್ನು ಕಂಡೆ. ನಮ್ಮ ಕಡೆಯ ಊರುಗಳಲ್ಲಿ ಕನ್ನಡದ ಜೊತೆಗೆ ಉರ್ದು ಉಂಟು, ಮರಾಠಿ ಉಂಟು, ಲಂಬಾಣಿ ಉಂಟು. ಕನ್ನಡ ಚಿತ್ರವೆಂದರೆ ಕೆಲವರು ಬಾರರು, ಹಿಂದಿಯೆಂದರೆ ಕೆಲವರು ಬಾರರು. ಅಂದು ಎಲ್ಲರೂ ಒಂದೇ ಗಳಿಗೆಗೆ ನಕ್ಕರು.

ಇಂಥ ಚಿತ್ರಗಳಿಗೆ ಕನ್ನಡದಲ್ಲಿ ಒಂದು ಒಳ್ಳೆಯ ಹೆಸರಿಲ್ಲ. ಹಾಸ್ಯಚಿತ್ರವೆಂದರೆ ಸಾಲದು, ಅದರ ನಗೆಗೆ ಒಂದು ಸೊಟ್ಟತನವುಂಟು. ಪತ್ತೇದಾರಿ ಚಿತ್ರವೆಂದರೂ ಸಾಲದು. ಅದರಲ್ಲಿ ಪತ್ತೆಯಾಗುವುದು ಅಪರಾಧಿಯೊಬ್ಬನೇ ಅಲ್ಲ. 'ಕಲಾತ್ಮಕ' ಎಂದರೆ ಜನ ಓಡಿ ಹೋಗುತ್ತಾರೆ. ದೊಡ್ಡ ನಟನ ನೆರಳಿಗೂ ಹೋಗದೆ, ಪ್ರಶಸ್ತಿಯ ಪಂಕ್ತಿಯಲ್ಲೂ ಕೂಡದೆ, ತಮಗೆ ತಿಳಿದ ಹಾದಿಯಲ್ಲಿ ನಡೆದ ಕೆಲವು ದಿಗ್ದರ್ಶಕರು ಮಾಡಿದ ನಗೆಯ ಮತ್ತು ಅಪರಾಧದ ಚಿತ್ರಗಳು ಎಂದು ಸುತ್ತಿ ಬಳಸಿ ಹೇಳಬೇಕು. ನಾನು ಅವನ್ನು ಹಾದಿ ಬಿಟ್ಟ ಚಿತ್ರಪಟಗಳು ಎಂದು ಕರೆಯುತ್ತೇನೆ. ನನ್ನ ವೃತ್ತಿ ಕನ್ನಡ ಪಾಠ ಹೇಳುವುದು. ಸಿನೆಮಾ ನನ್ನ ಶಾಸ್ತ್ರವಲ್ಲ. ತಂಬುವಿನ ಮಣ್ಣಿನಲ್ಲಿ ಕೂತು ಕಲಿತ ಅಭಿಪ್ರಾಯಗಳು ಇವು, ಶಾಸ್ತ್ರಜ್ಞರು ಕ್ಷಮಿಸಬೇಕು.

ಅಪರಾಧದ ಕಥೆ ನಮ್ಮ ನಾಡಿಗೆ ಸಿನೆಮಾದಿಂದ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಒಂದು ಕೊಲೆ 'ಸಂಗ್ಯಾ ಬಾಳ್ಯಾ' ಎಂಬ ಸಣ್ಣಾಟವಾಯಿತು. ಸಂಗ್ಯಾ ಒಬ್ಬ ಸಾಹುಕಾರನ ಹೆಂಡತಿಯ ಮೇಲೆ ಮನಸ್ಸಿಡುತ್ತಾನೆ. ಗೆಳೆಯ ಬಾಳ್ಯಾನ ನೆರವಿನಿಂದ ಆಕೆಯನ್ನು ಪಡೆಯುತ್ತಾನೆ. ಕಡೆಗೆ ಆ ಗೆಳೆಯನೇ ಅವನನ್ನು ಹಗೆಗಳ ಕೈಗೆ ಒಪ್ಪಿಸುತ್ತಾನೆ. ಸಂಗ್ಯಾನ ಕೊಲೆಯಾಗುವುದೆಂದು ಆಟ ನೋಡುವ ಮುದುಕಿಗೂ ಗೊತ್ತು, ಮಡಿಲ ಕೂಸಿಗೂ ಗೊತ್ತು. ಯಾರು ಕೊಂದರೆಂಬ ಪ್ರಶ್ನೆಯೇ ಅಲ್ಲಿಲ್ಲ. ಬಾಳ್ಯಾನ ಬಾಯಿಂದ ಆ ಸುಳ್ಳು ಹೇಗೆ ಹೊರಬೀಳುತ್ತದೆ ಎಂಬುದಕ್ಕಾಗಿ ಜನ ಬೆಳತನಕ ಕೂತಿರುತ್ತಿದ್ದರು. ಕಂದಗಲ್ ಹಣಮಂತರಾಯರ ಹೆಸರಿನ ರಂಗಮಂದಿರ ವಿಜಯಪುರದಲ್ಲಿದೆ. ಅವರ 'ರಕ್ತರಾತ್ರಿ'ಯನ್ನು ನೋಡಲು ಬಂಡಿ ಕಟ್ಟಿಕೊಂಡು ಬಂದವರೂ ಹಾಗೆಯೇ. ಮಹಾಭಾರತದ ಕಡೆಯ ಆ ಇರುಳಿನ ಕೊಲೆಗಳು ಯಾರಿಗೆ ಹೊಸವು? ಫಲ ಗೊತ್ತಿದ್ದೂ ಉಸಿರು ಬಿಗಿಹಿಡಿದು ನೋಡುವ ಅಭ್ಯಾಸ ಇಲ್ಲಿಯ ಪ್ರೇಕ್ಷಕನಿಗೆ ಹಳೆಯದು.

ಕನ್ನಡ ಸಿನೆಮಾ ಅಪರಾಧಕ್ಕೆ ಕೈಹಚ್ಚಿದಾಗ ಮೊದಲು ಹಿಡಿದದ್ದು ವಿಲಾಯತಿಯ ಹಾದಿ. ೧೯೬೮ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ'ಯಲ್ಲಿ ರಾಜಕುಮಾರರನ್ನು ಸಿ.ಐ.ಡಿ. ೯೯೯ ಎಂಬ ಗೂಢಚಾರನನ್ನಾಗಿ ಮಾಡಿದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. ೯೯೯', ಮುಂದೆ 'ಆಪರೇಷನ್ ಜಾಕ್‌ಪಾಟ್', ೧೯೭೮ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಮಜಾ ಇತ್ತು. ಬಾಂಡನಿಗೆ ಪಂಚೆ ಉಡಿಸಿದರೂ ಚೆನ್ನಾಗಿ ಕಾಣುವ ನಟ ನಮ್ಮಲ್ಲಿದ್ದ. ಆದರೆ ಆ ಅಪರಾಧಗಳು ನಮ್ಮ ಓಣಿಯವಲ್ಲ. ಆ ಖಳರನ್ನು ನಾವು ಸಂತೆಯಲ್ಲಿ ಎಂದೂ ಕಂಡಿಲ್ಲ.

ಹಾದಿ ಬಿಟ್ಟವರಲ್ಲಿ ನಾನು ಮೊದಲು ಎಣಿಸುವುದು ಕಾಶೀನಾಥರನ್ನು. ೧೯೭೬ರಲ್ಲಿ 'ಅಪರೂಪದ ಅತಿಥಿಗಳು' ಎಂಬ ನಗೆಚಿತ್ರ ಮಾಡಿದರು. ಎರಡು ವರ್ಷ ಕಳೆದು 'ಅಪರಿಚಿತ' ಎಂಬ ರಹಸ್ಯಚಿತ್ರ. ದೊಡ್ಡ ಹೆಸರುಗಳ ಆಸರೆ ಅದಕ್ಕಿರಲಿಲ್ಲ. ಸುರೇಶ ಹೆಬ್ಳೀಕರ್, ಶೋಭಾ—ಇಂಥ ಆ ಕಾಲದ ಹೊಸ ಮುಖಗಳು. ಚಿತ್ರ ಗೆದ್ದಿತು, ಕಾಶೀನಾಥರೇ ಅದನ್ನು ಹಿಂದಿಯಲ್ಲಿ 'ಬೇಷಕ್' ಎಂದು ಮತ್ತೆ ಮಾಡಿದರು. ನಗೆ ಮತ್ತು ಕೊಲೆ ಎರಡೂ ಒಬ್ಬನ ಕೈಯಿಂದ ಇಷ್ಟು ಹತ್ತಿರ ಹತ್ತಿರ ಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಎರಡಕ್ಕೂ ಬೇಕಾದದ್ದು ಒಂದೇ ಗುಣ: ಯಾವುದನ್ನು ಯಾವಾಗ ಮುಚ್ಚಿಡಬೇಕು, ಯಾವಾಗ ತೆರೆಯಬೇಕು ಎಂಬ ಲೆಕ್ಕ. ಗಳಿಗೆ ತಪ್ಪಿದ ನಗೆಚಾಟಿಕೆಯೂ ಗಳಿಗೆ ತಪ್ಪಿದ ಕೊಲೆಯೂ ಒಂದೇ ರೀತಿ ಸಪ್ಪೆ.

೧೯೮೪ರ 'ಅನುಭವ' ಬಂದಾಗ ಮನೆಮಂದಿಯೊಂದಿಗೆ ನೋಡುವ ಚಿತ್ರವಲ್ಲವೆಂದು ಹಿರಿಯರು ತೀರ್ಮಾನಿಸಿದರು. ಕಾಶೀನಾಥರೇ ನಾಯಕ: ಸಣಕಲು ಮೈ, ಸೀದಾ ನಿಲ್ಲದ ನಿಲುವು, ದನಿಯಲ್ಲಿ ಅಂಜಿಕೆ. ನಾಯಕನೆಂದರೆ ಹೀಗೂ ಇರಬಹುದೇ ಎಂದು ಪ್ರೇಕ್ಷಕ ಬೆರಗಾದ. ಅಶ್ಲೀಲವೆಂಬ ಕೂಗೆದ್ದಿತು. ನಾನು ದೊಡ್ಡವನಾದ ಮೇಲೆ ಆ ಚಿತ್ರ ನೋಡಿದೆ. ಹೋಳಿಹುಣ್ಣಿಮೆಯ ರಾತ್ರಿ ನಮ್ಮೂರ ಹಿರಿಯರು ಹಾಡುವುದನ್ನು ಕೇಳಿದ ಕಿವಿಗೆ ಅದರಲ್ಲಿ ಅಂಜುವಂಥದೇನೂ ಕಾಣಲಿಲ್ಲ. ಹಾಗೆಂದು ಕಾಶೀನಾಥರ ಮುಂದಿನ ಚಿತ್ರಗಳೆಲ್ಲ ನನಗೆ ಒಪ್ಪಿಗೆಯಲ್ಲ. ಎರಡರ್ಥದ ಮಾತು ಹತ್ತನೆಯ ಸಲಕ್ಕೆ ಅರ್ಧ ಅರ್ಥಕ್ಕಿಳಿಯುತ್ತದೆ. ಆದರೆ ಆತ ೨೦೧೮ರ ಜನವರಿಯಲ್ಲಿ ತೀರಿಕೊಂಡಾಗ ಬಂದ ಲೇಖನಗಳಲ್ಲಿ ಎಲ್ಲರೂ ಆ ಎರಡರ್ಥವನ್ನೇ ನೆನೆದು 'ಅಪರಿಚಿತ'ವನ್ನು ಒಂದು ಸಾಲಿನಲ್ಲಿ ದಾಟಿದ್ದು ನನಗೆ ಕೆಡುಕೆನಿಸಿತು.

ಎರಡನೆಯವರು ಶಂಕರನಾಗ್. ಇವರ ಬಗ್ಗೆ ಬರೆಯುವಾಗ ನನ್ನ ಲೇಖನಿ ತುಸು ಮೆಲ್ಲಗೆ ನಡೆಯುತ್ತದೆ.

ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಬೆಳೆದ ಹುಡುಗ. ೧೯೭೮ರಲ್ಲಿ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದ ಬಾಡಿಗೆಯ ಸಿಪಾಯಿಯಾಗಿ ಬಂದು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆನಿಸಿದವ. ನಟನಾಗಿ ದುಡಿದು ತಿನ್ನಬಹುದಿತ್ತು. ೧೯೮೦ರಲ್ಲಿ ತಾನೇ ದಿಗ್ದರ್ಶಕನಾಗಿ 'ಮಿಂಚಿನ ಓಟ' ಮಾಡಿದ. ಮೋಟಾರು ಕಳ್ಳರ ಕಥೆ. ಅನಂತನಾಗ್, ಶಂಕರನಾಗ್, ಮತ್ತು ವಯಸ್ಸಾದ ಲೋಕನಾಥ್. ಕಳ್ಳರನ್ನು ಕಂಡು ನಗುತ್ತೇವೆ. ಸೆರೆಮನೆಯ ಗೋಡೆಯಾಚೆಗೆ ಅವರು ಓಡತೊಡಗಿದಾಗ ಅವರು ಸಿಕ್ಕಿಬೀಳಬಾರದೆಂದು ನಾವೇ ಬಯಸುತ್ತೇವೆ. ಕಾನೂನಿನ ಕಡೆ ನಿಲ್ಲಬೇಕಾದ ಸಭ್ಯ ನಾಗರಿಕ ತಾನು ಯಾವ ಕಡೆ ನಿಂತಿದ್ದೇನೆಂದು ಥಟ್ಟನೆ ಕಂಡುಕೊಂಡು ಮುಜುಗರಪಡುತ್ತಾನೆ. ಆ ಮುಜುಗರವೇ ಒಳ್ಳೆಯ ಅಪರಾಧಚಿತ್ರದ ಗುರುತು ಎಂದು ನನ್ನ ನಂಬಿಕೆ.

೧೯೮೪ರಲ್ಲಿ ಆತ ಮಾಡಿದ 'ಆಕ್ಸಿಡೆಂಟ್' ಬೇರೆ ಜಾತಿಯದು. ಅಮಲಿನಲ್ಲಿದ್ದ ರಾಜಕಾರಣಿಯ ಮಗನೊಬ್ಬ ಇರುಳಲ್ಲಿ ಮೋಟಾರು ಓಡಿಸಿ ಪಾದಚಾರಿ ರಸ್ತೆಯ ಮೇಲೆ ಮಲಗಿದ ಬಡವರನ್ನು ಕೊಲ್ಲುತ್ತಾನೆ. ಮಗನನ್ನು ಉಳಿಸಲು ತಂದೆ ಕೈಗಳನ್ನೆಲ್ಲ ಚಾಚುತ್ತಾನೆ. ಒಬ್ಬ ಪತ್ರಕರ್ತ ನಿಜವನ್ನು ಹುಡುಕಿ ಹೊರಡುತ್ತಾನೆ. ಯಾರು ಕೊಂದರೆಂದು ಮೊದಲ ರೀಲಿನಲ್ಲೇ ಗೊತ್ತು. ಸಂಗ್ಯಾ ಬಾಳ್ಯಾದಲ್ಲಿದ್ದಂತೆ ಇಲ್ಲಿಯೂ ಕೌತುಕವಿರುವುದು ಸುಳ್ಳು ಹೇಗೆ ಕಟ್ಟಲ್ಪಡುತ್ತದೆ ಎಂಬುದರಲ್ಲಿ. ಸಾಮಾಜಿಕ ಸಮಸ್ಯೆಯ ಕುರಿತ ಶ್ರೇಷ್ಠ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು.

ನನ್ನ ತಂದೆ ನ್ಯಾಯಾಲಯವೊಂದರಲ್ಲಿ ಕಾರಕೂನರಾಗಿದ್ದರು. ಯಾವ ಊರಿನದೆಂಬುದು ಬೇಡ. ಸಿನೆಮಾದ ಕೋರ್ಟು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಸುತ್ತಿಗಿ ಯಾವ ಜಡ್ಜ ಬಡೀತಾನೋ? ನಾ ಇಪ್ಪತ್ತು ವರ್ಷದಾಗ ಒಂದ ಸಲಾನೂ ಕಂಡಿಲ್ಲ" ಎನ್ನುವರು. ಪತ್ತೇದಾರಿ ಚಿತ್ರಗಳನ್ನು ಮಕ್ಕಳಾಟವೆಂದು ತಳ್ಳಿಹಾಕುವರು. ಆಗಿನ ದೂರದರ್ಶನದಲ್ಲಿ ರವಿವಾರ ಮಧ್ಯಾಹ್ನ ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ತೋರಿಸುತ್ತಿದ್ದರು. ಊಟವಾದ ಮೇಲೆ ಅಡ್ಡಾಗುವುದು ತಂದೆಯ ಪದ್ಧತಿ. ಅಂದು 'ಆಕ್ಸಿಡೆಂಟ್' ಬಂದಾಗ ಅವರು ಅಡ್ಡಾಗಲಿಲ್ಲ. ಗೋಡೆಗೊರಗಿ ಕೂತರು, ಕಡೆತನಕ ಕೂತರು. ಮುಗಿದ ಮೇಲೆ ಅವ್ವ ಚಹಾ ತಂದಿಟ್ಟಳು, ಅದು ಆರಿತು. ಆಮೇಲೆ ಅಂದರು: "ಕಾಗದಾ ಹಿಂಗ ಕಳೀತಾವ." ಅಷ್ಟೇ. ಯಾವ ಕಾಗದ, ಎಲ್ಲಿ ಕಳೆಯಿತು, ಯಾರು ಕಳೆದರು ಎಂದು ಕೇಳುವ ವಯಸ್ಸು ನನ್ನದಲ್ಲ. ಕೇಳುವ ವಯಸ್ಸು ಬಂದಾಗ ಅವರು ಹೇಳಲಿಲ್ಲ, ಈಗ ಅವರಿಲ್ಲ. ಒಂದು ಚಿತ್ರಪಟ ನಮ್ಮ ಮನೆಯೊಳಗೆ ಬಂದು, ನಮ್ಮ ತಂದೆಯೊಳಗೆ ಎಲ್ಲಿಯೋ ಬೀಗ ಹಾಕಿದ್ದ ಬಾಗಿಲನ್ನು ತಟ್ಟಿ ಹೋಯಿತೆಂಬುದು ಮಾತ್ರ ನನಗೆ ಗೊತ್ತು.

೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಮೋಟಾರು ಅಪಘಾತವಾಗಿ ಶಂಕರನಾಗ್ ತೀರಿಕೊಂಡರು. ವಯಸ್ಸು ಮೂವತ್ತೈದು. ಅವರು ಹೊರಟಿದ್ದದ್ದು ನಮ್ಮ ಸೀಮೆಗೆ. 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆ ಲೋಕಾಪುರಕ್ಕೆ. ಆಗ ಲೋಕಾಪುರ ಬಿಜಾಪುರ ಜಿಲ್ಲೆಯಲ್ಲೇ ಇತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ವಿಜಯಪುರದಿಂದ ಬಬಲೇಶ್ವರ ದಾಟಿ, ಗಲಗಲಿಯಲ್ಲಿ ಕೃಷ್ಣೆಯನ್ನು ದಾಟಿ, ಮುಧೋಳದ ಆಚೆಗೆ ಹೋದರೆ ಸಿಗುವ ಊರು. ಚಂದ್ರಶೇಖರ ಕಂಬಾರರ ನಾಟಕ ಅದು. ಜೋಕುಮಾರನೆಂದರೆ ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಮಣ್ಣಿನ ದೇವರು. ಏಳು ದಿನ ಬದುಕಿ, ಊರ ಹೆಂಗಸರನ್ನು ಕಾಡಿ, ಅಗಸರ ಕೈಯಲ್ಲಿ ಸತ್ತು ಮಳೆ ತರುವವ. ನಗೆ, ಕಾಮ, ಕೊಲೆ ಮೂರೂ ಕೂಡಿದ ಕಥೆ ಹಳ್ಳಿಯ ಮುದುಕಿಯರ ಹಾಡಿನಲ್ಲಿ ಮೊದಲಿಂದಲೂ ಇತ್ತು. ಅದನ್ನು ಶಂಕರನಾಗ್ ನಮ್ಮ ಮಣ್ಣಿನಲ್ಲಿ ನಿಂತು, ನಮ್ಮ ಮಾತಿನಲ್ಲಿ ಆಡುವುದನ್ನು ನೋಡಬೇಕಾಗಿತ್ತು. 'ಆಕ್ಸಿಡೆಂಟ್' ಮಾಡಿದವ ಆಕ್ಸಿಡೆಂಟಿನಲ್ಲೇ ಸತ್ತ ಎಂದು ಜನ ಈಗಲೂ ಆಡುತ್ತಾರೆ. ಆ ಮಾತು ನನಗೆ ಸೇರದು. ವಿಧಿಗೆ ಅಷ್ಟು ಅಗ್ಗದ ಕಥೆ ಬರೆಯುವ ಹವ್ಯಾಸವಿರಲಿಕ್ಕಿಲ್ಲ.

ಸಾಯುವುದಕ್ಕೆ ಒಂದು ವರ್ಷ ಮೊದಲು ಅವರು ನಟಿಸಿದ 'ತರ್ಕ' ಬಂದಿತ್ತು. ಅದರ ದಿಗ್ದರ್ಶಕ ಸುನೀಲಕುಮಾರ ದೇಸಾಯಿ, ನಾನು ಎಣಿಸುವ ಮೂರನೆಯವರು. ಅಗಾಥಾ ಕ್ರಿಸ್ಟಿಯ ಒಂದು ನಾಟಕದ ಎಳೆ ಅದರಲ್ಲಿದೆಯೆನ್ನುತ್ತಾರೆ. ಇರಬಹುದು, ಹಿಂದಿಯ 'ಧುಂದ್' ಕೂಡ ಅದೇ ನಾಟಕದಿಂದ ೧೯೭೩ರಲ್ಲಿ ಹುಟ್ಟಿದ್ದು. ಆದರೆ 'ತರ್ಕ'ದ ದೊಡ್ಡ ಸಾಹಸ ಕಥೆಯಲ್ಲಿಲ್ಲ. ಅದರಲ್ಲಿ ಹಾಡಿಲ್ಲ! ಒಂದೂ ಇಲ್ಲ. ಹಾಡಿಲ್ಲದ ಚಿತ್ರವೆಂದರೆ ಹಂಚಿಕೆದಾರರಿಗೆ ಉಪ್ಪಿಲ್ಲದ ಉಪ್ಪಿನಕಾಯಿ. ಹಾಡು ಬಂದೊಡನೆ ಬೀಡಿ ಸೇದಲು ಹೊರಗೆ ಹೋಗುವುದು ತಂಬುವಿನ ಜನರ ವಾಡಿಕೆ. 'ತರ್ಕ'ದಲ್ಲಿ ಹೊರಗೆ ಹೋಗಲು ಸಂದಿಯೇ ಸಿಗದೆ ಒಳಗೇ ಸೇದಿದರು, ತಂಬುವೆಲ್ಲ ಹೊಗೆ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ನಮಗೆಲ್ಲ ಗೊತ್ತು. ೧೬೫೬ರಲ್ಲಿ ಮುಗಿದ ಆ ಗುಮ್ಮಟದ ಒಂದು ಮಗ್ಗುಲಲ್ಲಿ ಕಾಗದ ಹರಿದರೆ ಎದುರು ಮಗ್ಗುಲಲ್ಲಿ ಕೇಳುತ್ತದೆ. ಆದರೆ ಶಾಲೆಯ ಮಕ್ಕಳು ತುಂಬಿ ಕಿರುಚುತ್ತಿದ್ದರೆ ಕೂಗಿದರೂ ಕೇಳದು. ದೇಸಾಯಿಯವರು ಮಾಡಿದ್ದು ಗುಮ್ಮಟವನ್ನು ಖಾಲಿ ಮಾಡಿಸುವ ಕೆಲಸ. ಹಾಡು ತೆಗೆದೊಡನೆ ಬಾಗಿಲ ಕಿರುಗುಟ್ಟಿಗೂ ಬೆಲೆ ಬಂದಿತು.

ಮುಂದೆ 'ಉತ್ಕರ್ಷ' ಬಂದಿತು. ೧೯೯೩ರ 'ನಿಷ್ಕರ್ಷ' ಬಂದಿತು. ಬ್ಯಾಂಕಿನ ದರೋಡೆಕೋರರು, ಒತ್ತೆಯಲ್ಲಿ ಸಿಕ್ಕ ಜನ, ಒಂದು ಕಟ್ಟಡ. ವಿಷ್ಣುವರ್ಧನರಂಥ ನಾಯಕನಿದ್ದೂ ಹಾಡಿಲ್ಲ. ದರೋಡೆಕೋರರ ಮುಖಂಡನಾಗಿ ನಟಿಸಿ ಆ ಚಿತ್ರವನ್ನು ನಿರ್ಮಿಸಿದವರು ಬಿ. ಸಿ. ಪಾಟೀಲರು, ಮೊದಲು ನಿಜಜೀವನದಲ್ಲಿ ಪೋಲೀಸು ಅಧಿಕಾರಿಯಾಗಿದ್ದವರು, ಆಮೇಲೆ ಮಂತ್ರಿಗಳೂ ಆದರು. ಹಾಲಿವುಡ್ಡಿನ ನೆರಳು ಅದರ ಮೇಲಿತ್ತೆಂದು ನನ್ನ ಕಾಲೇಜಿನ ಗೆಳೆಯರು ಮೂಗು ಮುರಿದರು. ನೆರಳಿದ್ದರೇನು? ಬಿಸಿಲಿನ ಊರಿನವರಿಗೆ ನೆರಳು ಯಾರ ಗಿಡದ್ದೆಂದು ಕೇಳುವ ರೂಢಿಯಿಲ್ಲ.

ಕಾಶೀನಾಥರ ಗರಡಿಯಿಂದ ಬಂದ ಉಪೇಂದ್ರರ ಮಾತು ಬೇರೆಯೇ ಬರೆಯಬೇಕಾದದ್ದು. 'ತರ್ಲೆ ನನ್ಮಗ' ೧೯೯೨ರಲ್ಲಿ, 'ಶ್!' ಮರುವರ್ಷ, ೧೯೯೫ರಲ್ಲಿ 'ಓಂ'. ನಿಜವಾದ ರೌಡಿಗಳನ್ನೇ ತೆರೆಯ ಮೇಲೆ ತಂದ 'ಓಂ' ಒಂದು ದೊಡ್ಡ ಚಿತ್ರವೆಂಬುದರಲ್ಲಿ ಸಂಶಯವಿಲ್ಲ. ಅದರ ಹಿಂದೆ ಬಂದ ಲಾಂಗು-ಮಚ್ಚಿನ ಚಿತ್ರಗಳ ಹಿಂಡನ್ನು ನೆನೆದರೆ ಮಾತ್ರ ತಲೆ ಸಿಡಿಯುತ್ತದೆ. ಹಾದಿ ಬಿಟ್ಟು ನಡೆದವನ ಹೆಜ್ಜೆಯೇ ಹೆದ್ದಾರಿಯಾಗಿಬಿಡುವುದು ಹೀಗೆ. ನಮ್ಮ ಭೀಮಾತೀರದ ಹಗೆತನದ ಕಥೆಯನ್ನೂ ೨೦೧೨ರಲ್ಲಿ ಓಂಪ್ರಕಾಶರಾವ್ 'ಭೀಮಾ ತೀರದಲ್ಲಿ' ಎಂದು ಚಿತ್ರ ಮಾಡಿದರು. ಭೀಮೆಯ ದಂಡೆಯ ಊರುಗಳಿಂದ ಬರುವ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ಕೂಡುತ್ತಾರೆ. ಊರ ಹೆಸರು ಹೇಳಿದೊಡನೆ ಹಾಸ್ಟೆಲಿನ ಗೆಳೆಯರು "ಪಿಸ್ತೂಲ ತಂದೀಯೇನೋ?" ಎಂದು ಕೇಳುತ್ತಾರೆಂದು ಒಬ್ಬ ಹುಡುಗ ಹೇಳಿದ. ಅವನು ನಗುತ್ತಲೇ ಹೇಳಿದ. ನನಗೆ ನಗೆ ಬರಲಿಲ್ಲ.

ಇಲ್ಲಿ ಒಂದು ಪರದೇಶದ ಚಿತ್ರದ ಪ್ರಸ್ತಾಪ ಬೇಕಾಗುತ್ತದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಗೆಳೆಯನೊಬ್ಬನ ಕೋಣೆಯಲ್ಲಿ 'ಫಾರ್ಗೋ' ನೋಡಿದೆ. ಅಮೇರಿಕದ ಕೊಯೆನ್ ಸಹೋದರರು ೧೯೯೬ರಲ್ಲಿ ಮಾಡಿದ್ದು. ಶಂಕರನಾಗ್ 'ಆಕ್ಸಿಡೆಂಟ್' ಮಾಡಿದ ೧೯೮೪ರಲ್ಲೇ 'ಬ್ಲಡ್ ಸಿಂಪಲ್' ಎಂಬ ಕೊಲೆಯ ಚಿತ್ರದಿಂದ ಸುರುಮಾಡಿ, ಕೊಲೆಯನ್ನೂ ನಗೆಯನ್ನೂ ಒಂದೇ ಗಡಿಗೆಯಲ್ಲಿ ಕಡೆದವರು ಈ ಅಣ್ಣತಮ್ಮಂದಿರು. 'ಫಾರ್ಗೋ'ದಲ್ಲಿ ಮೋಟಾರು ಮಾರುವ ಒಬ್ಬ ಪುಕ್ಕಲ, ಮಾವನ ಹಣಕ್ಕಾಗಿ ತನ್ನ ಹೆಂಡತಿಯನ್ನೇ ಅಪಹರಿಸಲು ಇಬ್ಬರು ಪುಂಡರನ್ನು ಗೊತ್ತುಮಾಡುತ್ತಾನೆ. ಎಲ್ಲವೂ ಕೆಡುತ್ತದೆ. ಹಿಮದ ಬಯಲು, ನಮ್ಮ ಡೋಣಿಯ ಸೀಮೆಯ ಬೇಸಿಗೆಯ ಬಯಲಿನಂತೆಯೇ ಕಣ್ಣು ಹಾಯುವಷ್ಟು ಬರಿದು, ಬಣ್ಣ ಮಾತ್ರ ಬೇರೆ. ಆರಂಭದಲ್ಲಿ ಇದು ನಡೆದ ಕಥೆಯೆಂದು ಬರೆದು ತೋರಿಸುತ್ತಾರೆ, ಅದು ಸುಳ್ಳು. ಬೈಲಹೊಂಗಲದ ನಿಜವಾದ ಕೊಲೆಯನ್ನು ನಾವು ಕಥೆಯೆಂದು ಹಾಡಿದೆವು, ಅವರು ಕಟ್ಟಿದ ಕಥೆಯನ್ನು ನಿಜವೆಂದರು. ಎರಡೂ ಊರಿನ ಮಂದಿ ನಂಬಿದರು.

ಆದರೆ ನಾನು ಹೇಳಹೊರಟದ್ದು ಅದರ ಮಾತಿನ ವಿಷಯ. ಆ ಮಿನ್ನೆಸೋಟ ಸೀಮೆಯ ಜನರ ಇಂಗ್ಲಿಷಿಗೆ ಒಂದು ರಾಗವುಂಟು. ಉಳಿದ ಅಮೇರಿಕದವರಿಗೆ ಅದು ನಗೆ ಬರಿಸುತ್ತದಂತೆ. ಚಿತ್ರದಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಾರೆ; ನಾವೂ ನಗುತ್ತೇವೆ. ಆಮೇಲೆ ಮಾರ್ಜ್ ಎಂಬ ಬಸುರಿ ಪೋಲೀಸು ಅಧಿಕಾರಿ ಬರುತ್ತಾಳೆ. ಅದೇ ರಾಗ, ಅದೇ ಹಳ್ಳಿಗಾಡಿನ ಮಾತು. ಹಿಮದಲ್ಲಿ ಬಗ್ಗಿ ಹೆಜ್ಜೆಯ ಗುರುತು ನೋಡಿ, ಕೊಲೆ ಹೇಗೆ ನಡೆಯಿತೆಂದು ಎರಡು ನಿಮಿಷದಲ್ಲಿ ಹೇಳಿಬಿಡುತ್ತಾಳೆ. ಇಡೀ ಚಿತ್ರದಲ್ಲಿ ಬುದ್ಧಿಯೂ ಕರುಣೆಯೂ ಇರುವುದು ನಾವು ನಕ್ಕ ಆ ಮಾತಿನಲ್ಲೇ. ಫ್ರಾನ್ಸಿಸ್ ಮ್ಯಾಕ್‌ಡಾರ್ಮಂಡ್ ಆ ಪಾತ್ರಕ್ಕೆ ಆಸ್ಕರ್ ಪಡೆದರು.

ನೋಡಿ ಮುಗಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ನನಗೆ ನೆನಪಾದದ್ದು ನಮ್ಮ ಭಾಷೆ. ನನ್ನ ಕಣ್ಣಿಗೆ ಬಿದ್ದ ಕನ್ನಡ ಚಿತ್ರಗಳಲ್ಲಿ ಬಿಜಾಪುರದ ಮಾತನ್ನು ಹೆಚ್ಚಾಗಿ ಆಡಿದವರು ಯಾರು? ನಾಯಕನ ಮನೆಯ ಅಡಿಗೆಯವ, ಬೆಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಾದಿ ತಪ್ಪಿದ ಪೆದ್ದ, ಇಲ್ಲವೆ ಮೀಸೆ ತಿರುವುವ ಖಳ. "ಯಾಕ್ರೀ", "ಹೌದ್ರೀ" ಎ೦ದೊಡನೆ ಗಲ್ಲಾಪೆಟ್ಟಿಗೆಗೆ ನಗೆ. ಹೆಜ್ಜೆಯ ಗುರುತು ನೋಡಿ ಕೊಲೆಯ ಬಗೆ ಹೇಳುವವನು ಮಾತ್ರ ಯಾವಾಗಲೂ ಮೈಸೂರು-ಬೆಂಗಳೂರಿನ ಅಚ್ಚಿನ ಕನ್ನಡ ಆಡುತ್ತಾನೆ. ವಿವೇಕಕ್ಕೆ ಒಂದೇ ಉಚ್ಚಾರವೇ?

ಈಚಿನ ಹಾದಿ ಬಿಟ್ಟವರನ್ನು ನಾನು ಮೆಚ್ಚುವುದು ಮುಖ್ಯವಾಗಿ ಈ ಕಾರಣಕ್ಕೆ. ೨೦೧೩ರಲ್ಲಿ ಪವನಕುಮಾರರು ನಿರ್ಮಾಪಕರನ್ನು ಬಿಟ್ಟು ಜನರಿಂದಲೇ ಐವತ್ತು ಲಕ್ಷದಷ್ಟು ಹಣ ಕೂಡಿಸಿ 'ಲೂಸಿಯಾ' ಮಾಡಿದರು; ಪಟ್ಟಿ ಎತ್ತಿ ದೊಡ್ಡಾಟ ಆಡಿಸುವ ನಮ್ಮ ಹಳ್ಳಿಯ ಪದ್ಧತಿಯೇ ಅದು, ದೇವರ ಜಾತ್ರೆಯೊಂದಿಲ್ಲ. ಮರುವರ್ಷ ರಕ್ಷಿತ ಶೆಟ್ಟಿಯವರ 'ಉಳಿದವರು ಕಂಡಂತೆ' ಮಲ್ಪೆಯ ಕಡಲದಂಡೆಯ ಕೊಲೆಯೊಂದನ್ನು ಐದು ಜನರ ಕಣ್ಣಿನಿಂದ, ಆ ಸೀಮೆಯ ಕನ್ನಡದಲ್ಲೇ ಹೇಳಿತು. ಮೊದಲು ಚಿತ್ರಮಂದಿರದಲ್ಲಿ ಅದು ಅಷ್ಟೇನೂ ನಡೆಯಲಿಲ್ಲ. ಜನ ಅದನ್ನು ಆಮೇಲೆ ಮೆಲ್ಲಗೆ ಹುಡುಕಿಕೊಂಡರು. ೨೦೧೫ರ 'ತಿಥಿ'ಯಲ್ಲಿ ರಾಮ್ ರೆಡ್ಡಿಯವರು ಮಂಡ್ಯ ಸೀಮೆಯ ನೊದೆಕೊಪ್ಪಲಿನ ಹಳ್ಳಿಗರನ್ನೇ ನಟರನ್ನಾಗಿ ಮಾಡಿದರು. ಶತಾಯುಷಿ ಅಜ್ಜನ ಸಾವು, ಮೊಮ್ಮಗನ ಜಮೀನು ಮಾರುವ ಮೋಸ, ಎಲ್ಲಕ್ಕೂ ನಗುವ ಗಡ್ಡಪ್ಪ. ಅದು ಲೊಕಾರ್ನೋದಲ್ಲಿ ಪ್ರಶಸ್ತಿ ಪಡೆಯಿತು.

೨೦೧೭ರಲ್ಲಿ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಬಂದಾಗ ನನ್ನ ಸಹೋದ್ಯೋಗಿಗಳು ನನ್ನನ್ನು ಬಲವಂತವಾಗಿ ಕರೆದೊಯ್ದರು. ನಾಯಕ ಮಂಗಳೂರಿನ ಕನ್ನಡ ಅಧ್ಯಾಪಕ, ತಲೆಯಲ್ಲಿ ಕೂದಲಿಲ್ಲ, ಹೆಣ್ಣು ಸಿಗುವುದಿಲ್ಲ. ನನಗೆ ಹೆಣ್ಣು ಸಿಕ್ಕಿದ್ದಾಳೆ, ಉಳಿದೆರಡು ಲಕ್ಷಣಗಳು ಕೂಡಿಬಂದಿದ್ದವು. ಕೂದಲು ಹಾಗೂ ಕನ್ನಡ ಎಂ.ಎ. ಎರಡನ್ನೂ ಸಮಾಜ ಹೇಗೆ ತೂಗುತ್ತದೆಂದು ಇಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರವನ್ನು ನಾನು ಕಂಡಿಲ್ಲ. ಅದೇ ಮನುಷ್ಯ ೨೦೨೧ರಲ್ಲಿ 'ಗರುಡ ಗಮನ ವೃಷಭ ವಾಹನ' ಎಂಬ ಮಂಗಳೂರಿನ ರಕ್ತದ ಕಥೆ ಮಾಡಿದ. ನಗೆಯಿಂದ ಕೊಲೆಗೆ: ಕಾಶೀನಾಥರು ನಲವತ್ತು ವರ್ಷಗಳ ಹಿಂದೆ ನಡೆದ ಅದೇ ನಡಿಗೆ.

ಕರಾವಳಿಗೆ ಅದರ ಮಾತು ಸಿಕ್ಕಿತು, ಮಂಡ್ಯಕ್ಕೆ ಸಿಕ್ಕಿತು. ನಮ್ಮ ಸರದಿಯನ್ನು ಕಾಯುತ್ತ ನಾನು ಕೂತಿದ್ದೇನೆ.

ಹೋದ ಚಳಿಗಾಲದಲ್ಲಿ ಬಬಲೇಶ್ವರದ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಒಂದು ವಹಿ ತಂದುಕೊಟ್ಟ. ಮೊಬೈಲಿನಲ್ಲೇ ತೆಗೆಯುವ ಇಪ್ಪತ್ತು ನಿಮಿಷದ ಚಿತ್ರಕ್ಕೆ ಬರೆದದ್ದು. ಕಾಲುವೆಯ ನೀರು ಬಂದ ಮೇಲೆ ಒಂದು ಹೊಲದ ಪಂಪ್‌ಸೆಟ್ಟಿನ ಮೋಟಾರು ಕಳುವಾಗುತ್ತದೆ. ಕದ್ದವ ಯಾರೆಂದು ಊರಿಗೆಲ್ಲ ಗೊತ್ತು. ಯಾರೂ ಹೇಳುವುದಿಲ್ಲ, ಏಕೆಂದರೆ ಕಳೆದುಕೊಂಡವನೂ ಅದನ್ನು ಕದ್ದೇ ತಂದಿದ್ದ. ವಿಚಾರಣೆಗೆ ಬರುವ ಹವಾಲ್ದಾರ ಮುದುಕ, ಪೆನ್ಶನ್ನಿಗೆ ಎರಡು ತಿಂಗಳು ಉಳಿದಿದೆ. ಪಂಚನಾಮೆ ಬರೆಯುತ್ತ ಬರೆಯುತ್ತ ಆತ ಎಲ್ಲವನ್ನೂ ತಿಳಿದುಕೊಳ್ಳುತ್ತಾನೆ. ಓದಿ ನಾನು ಒಬ್ಬನೇ ನಕ್ಕೆ. ಕೊನೆಯ ಪುಟದಲ್ಲಿ ಆ ಹವಾಲ್ದಾರ ತಾನೇ ಬರೆದ ಕಾಗದವನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಳ್ಳುವಲ್ಲಿ ನನ್ನ ತಂದೆಯ ನೆನಪಾಯಿತು.

ಹುಡುಗನಿಗೆ ಒಂದು ಸಂಶಯ. "ಸರ್, ಹವಾಲ್ದಾರನ ಮಾತಷ್ಟ ಬೆಂಗಳೂರ ಕನ್ನಡದಾಗ ಮಾಡ್ಲೇನ್ರಿ? ಆಂವಾ ಶ್ಯಾಣ್ಯಾ ಇದ್ದಾನಲ್ರಿ, ನಮ್ಮ ಭಾಷಾದಾಗ ಆಡಿದ್ರ ಮಂದಿ ನಗತಾರ."

ನಾನು ಅವನಿಗೆ 'ಫಾರ್ಗೋ'ದ ಕಥೆ ಹೇಳತೊಡಗಿದೆ. ಬೆಲ್ಲಾಯಿತು. ಅರ್ಧ ಕಥೆ ಕಾಲೇಜಿನ ಮೆಟ್ಟಿಲ ಮೇಲೆ, ಇನ್ನರ್ಧ ಗಾಂಧಿಚೌಕದ ಚಹಾದಂಗಡಿಯಲ್ಲಿ. ಬಬಲೇಶ್ವರದ ಕಡೆಯ ಬಸ್ಸಿನ ಹೊತ್ತಾಯಿತೆಂದು ಅವನು ಎದ್ದು ನಿಂತು, ವಹಿಯನ್ನು ಚೀಲಕ್ಕೆ ಸೇರಿಸುತ್ತ, "ಹಂಗಾದ್ರ ಹವಾಲ್ದಾರನ ಪಾರ್ಟು ನೀವ ಮಾಡಬೇಕ್ರಿ ಸರ್. ತೆಲಿ ಹೊಂದತೈತಿ" ಎಂದ.